ಅಕ್ಕ ತಂದ ಎರಡು ಪುಸ್ತಕ

ಜೂನ್ ೧೨, ಗುರುವಾರ

ಅಕ್ಕನಿಗೆ ಅಷ್ಟು ಒರಟಾಗಿ ಹೇಳಬಾರದಿತ್ತು.

ಅವಳು ಚರ್ಚು ಬಿಟ್ಟು ಆ ಹೊಸ ಪಂಥ ಸೇರಿದಾಗಿನಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಏಳು ವರ್ಷದ ಮೇಲೆ ಇವತ್ತು ಮಧ್ಯಾಹ್ನ ನನ್ನ ಬೈಂಡಿಂಗ್ ಅಂಗಡಿಗೆ ಬಂದಳು. ಕೈಯಲ್ಲಿ ಹೊಲಿಗೆ ಬಿಚ್ಚಿಹೋದ ಅಮ್ಮನ ಬೈಬಲ್, ಜೊತೆಗೆ ಅವಳ ಗುರುಗಳು ಬರೆದ ಪತ್ರಗಳ ಕಟ್ಟು.

"ಎರಡನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿಕೊಡೋ."

"ಆಗಲ್ಲ. ದೇವರ ವಾಕ್ಯ ಬೈಬಲಿನ ಕೊನೇ ಪುಟಕ್ಕೆ ಮುಗೀತು. ಇದರ ಹಿಂದೆ ಕಂಡಕಂಡವರ ಕಾಗದ ಹೊಲಿಯೋಕಾಗಲ್ಲ."

"ಈ ಬೈಬಲಲ್ಲಿ ಯೇಸುವಿನ ಅಪೊಸ್ತಲರು ಬರೆದಿದ್ದೂ ಕಾಗದಾನೇ ಅಲ್ವೇನೋ? ಅದನ್ನೂ ಯಾರೋ ಮೊದಲ ಸಲ ಹೊಲಿದಿರಬೇಕು."

ಸೂಜಿದಾರ ಹಿಡಿದು ಬದುಕುವ ನನಗೆ ಆ ಮಾತು ನಾಟಿತು.

"ಅದನ್ನ ಕ್ರೈಸ್ತ ಸಭೆ ತಲೆತಲಾಂತರದಿಂದ ಓದಿ ಒಪ್ಪಿದೆ ಅಕ್ಕಾ. ನಿಮ್ಮ ಗುರುಗಳು ಇನ್ನೂ ಬದುಕಿದ್ದಾರೆ. ನಾಳೆ ಮಾತು ಬದಲಿಸಿದ್ರೆ?"

"ಆಗ್ಲೇ ಎರಡು ಸಲ ಬದಲಿಸಿದಾರೆ," ಎಂದು ಅವಳೇ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಎರಡನ್ನೂ ಬೇರೆ ಬೇರೆಯಾಗಿಯೇ ಹೊಲಿದೆ. ಅವಳು ಪಕ್ಕದಲ್ಲೇ ಕೂತಿದ್ದಳು. ಬೈಬಲಿನ ಒಂದು ಪುಟದಂಚಿನಲ್ಲಿ ಅಮ್ಮನ ಅಕ್ಷರ ಕಂಡಿತು: "ದೊಡ್ಡವಳು ಏನೋ ಹುಡುಕುತ್ತಿದ್ದಾಳೆ. ಅವಳ ಕೈ ಬಿಡಬೇಡ ಕರ್ತನೇ." ತೋರಿಸಿದೆ. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದಳು.

ಹೊರಡುವಾಗ ಪತ್ರಗಳನ್ನಷ್ಟೇ ತೆಗೆದುಕೊಂಡಳು. "ಬೈಬಲ್ ನಿನ್ನ ಹತ್ರಾನೇ ಇರ್ಲಿ. ಭಾನುವಾರ ಭಾನುವಾರ ಬಂದು ಓದ್ತೀನಿ."

ಅವಳು ಓದುವಾಗ ನಾನು ವಾದಕ್ಕಿಳಿಯದೆ ಕೂತಿರಬೇಕು. ಅದು ನನ್ನ ಕೈಲಿ ಆಗುತ್ತದೋ ಇಲ್ಲವೋ. ಅವಳು ಬರಲಿ, ಬಂದರೆ ಸಾಕು.