ನೊರೆಯೆದ್ದ ನಮ್ಮ ಹೊಲದ ಮಣ್ಣು

ಹಗರಿಬೊಮ್ಮನಹಳ್ಳಿ
3-8-1999

ಅತ್ತಿಗೆ ಹೊನ್ನೂರಮ್ಮನವರಿಗೆ ಮೈದುನ ಗಾದಿಲಿಂಗನ ನಮಸ್ಕಾರಗಳು.

ಗೊತ್ತಿಲ್ಲದ ಊರಿನಲ್ಲಿ ಕೇಳಿಕೊಂಡು ಮಣ್ಣು ಪರೀಕ್ಷೆ ಮಾಡುವ ಕಡೆ ಮುಟ್ಟಿದೆ. ಇಲ್ಲಿನ ಮೇಡಂ ನಮ್ಮ ಹೊಲದ ಮಣ್ಣಿಗೆ ನಾಲ್ಕು ಹನಿ ಆ್ಯಸಿಡ್ ಬಿಟ್ಟರು. ಮಣ್ಣು ಸೋಡಾದ ಹಾಗೆ ಬುಸ್ಸೆಂದು ನೊರೆಯೆದ್ದಿತು! ಹೆದರಿ ಹಿಂದೆ ಸರಿದೆ.

"ಮೆಕ್ಕೆಜೋಳದ ಗರಿ ನೇರಳೆ ಆಗ್ಯಾವ್ರಿ. ನಮ್ಮ ಅತ್ತಿಗಿ ಗೊಬ್ಬರ ಹಾಕಿಲ್ಲೇನ್ರಿ?" ಎಂದು ಕೇಳಿದೆ.

"ಹಾಕಿದ್ರೂ ಹಿಂಗ ಆಗತೈತ್ರಿ. ನಿಮ್ಮ ಮಣ್ಣಾಗ ಸುಣ್ಣ ಬಾಳ ಐತಿ. ಗೊಬ್ಬರದಾಗಿನ ರಂಜಕಾನ ಆ ಸುಣ್ಣ ಹಿಡ್ಕೊಂಡು ಕುಂತೈತಿ, ಬೇರಿಗೆ ಬಿಟ್ಟುಕೊಡವಲ್ದು" ಎಂದರು.

ಮುಂದಿನ ಸಲ ಗೊಬ್ಬರ ಎರಚದೆ, ತಿಪ್ಪೆಗೊಬ್ಬರದ ಜೊತೆ ಬೀಜದ ಸಾಲಿಗೇ ಹಾಕಬೇಕಂತೆ. ಅಣ್ಣನಿಗೆ ಬೆಳೆ ಕೀಳಬೇಡ ಎನ್ನಿ. ಮಳೆ ಹಿಡಿದರೆ ಬೇರು ಇಳಿದು ಚೇತರಿಸಿಕೊಳ್ಳಬಹುದಂತೆ.

ಎದೆಯ ಭಾರ ಇಳಿಯಿತು. ಗೊಬ್ಬರದ ಚೀಲವನ್ನು ನೀವು ತವರಿಗೆ ಕಳಿಸಿದಿರಿ ಎಂದು ನಮ್ಮೂರು ಹಿರೇಹಡಗಲಿಯ ಕಟ್ಟೆಯ ಮೇಲೆ ಎಲ್ಲರೆದುರು ಅಂದವನು ನಾನೇ. ತಪ್ಪಾಯಿತು, ಅತ್ತಿಗೆ.

ದಾರಿಯಲ್ಲಿ ಬಂದಿದ್ದ ಜ್ವರ ಬಿಟ್ಟಿದೆ. ಶುಕ್ರವಾರ ರಿಪೋರ್ಟು ತೆಗೆದುಕೊಂಡು ಬರುತ್ತೇನೆ. ಅಂಚೆಯವನು ದಾರಿಯಲ್ಲೇ ಓದಿ ಊರಿಗೆಲ್ಲ ಹೇಳಲಿ ಎಂದೇ ಕವರ್ ಬಿಟ್ಟು ಕಾರ್ಡಿನಲ್ಲಿ ಬರೆದಿದ್ದೇನೆ.

ಜಾಗ ಮುಗಿಯಿತು.
ಗಾದಿಲಿಂಗ