ಮುಚ್ಚಿದ ಮೊರದೊಳಗೆ

ವೇಲಚೇರಿ, ಚೆನ್ನೈ
21 ಆಗಸ್ಟ್ 2025, ಗುರುವಾರ

ಈ ಊರಿನಲ್ಲಿ ನನಗೆ ತವರಾಗಿರುವ ಅಂಬುಜಮ್ಮನವರಿಗೆ ರಚನಾಳ ನಮಸ್ಕಾರ.

ಗೌರಿ ಹಬ್ಬಕ್ಕೆ ಬಾಗಿನದ ಮೊರ ತೆಗೆದುಕೊಂಡು ಹೋಗಲು ನಿಮ್ಮ ಮಗಳು ಅನು ಸಂಜೆ ಬರುತ್ತಾಳಂತೆ. ಮೊರಕ್ಕೆ ಅರಿಶಿನ ಸವರಿ ಒಣಗಿಸಿದ್ದೇನೆ. ಬಳೆ-ಬಿಚ್ಚೋಲೆ, ರವಿಕೆಕಣದ ಅಡಿಯಲ್ಲಿ ಈ ಕಾಗದ ಇಡುತ್ತೇನೆ. ಮುಚ್ಚಿದ ಮೊರ ತೆಗೆದು ನೋಡುವ ಅಭ್ಯಾಸ ನಮ್ಮ ಗಂಡಸರಿಗಿಲ್ಲ, ನೀವಾದರೆ ಕೈಗೆ ಬಂದ ಕೂಡಲೇ ತೆಗೆದು ನೋಡುತ್ತೀರಿ, ಅದೊಂದೇ ಧೈರ್ಯ. ಬಾಯಲ್ಲಿ ಹೇಳಿ ಕಳಿಸೋಣವೆಂದರೆ ಯಾರೇ ಬೆಲ್ ಒತ್ತಿದರೂ ಬಾಗಿಲಿಗೆ ಇವರೇ ಹೋಗುತ್ತಾರೆ. ಪೆರುಂಗುಡಿ ಆಫೀಸಿಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಈಗ ಪಕ್ಕದ ಕೋಣೆಯಲ್ಲಿ ಮೀಟಿಂಗ್. ಆ ದನಿ ಕೇಳುತ್ತಿರುವಷ್ಟು ಹೊತ್ತು ಬರೆಯುತ್ತೇನೆ.

ಹೋದ ತಿಂಗಳು ನಿಮ್ಮ ಅಡುಗೆಮನೆಯಲ್ಲಿ ತೋಳಿನ ಬಾಸುಂಡೆ ತೋರಿಸಿದಾಗ ನೀವು ಅತ್ತಿರಿ. ನಿಮ್ಮ ಯಜಮಾನರು ಸದಾನಂದ ಅವರಿಗೆ ಹೇಳಿದಿರಿ. ತಪ್ಪು ಅನ್ನುವುದಿಲ್ಲ, ಇನ್ಯಾರಿಗೆ ಹೇಳುತ್ತೀರಿ ಪಾಪ. ಅವರು ನಮ್ಮಿಬ್ಬರನ್ನೂ ಕರೆಸಿ, ಸೋಫಾದಲ್ಲಿ ಒತ್ತಾಗಿ ಕೂರಿಸಿ, ಏನಪ್ಪಾ ಅನಿಕೇತ್, ಇಷ್ಟೊಂದು ಓದ್ಕೊಂಡು ಹಿಂಗಾ ಮಾಡೋದು ಅಂತ ಬೈದರು. ನನಗೂ, ನೀನೂ ಬಾಯಿ ಸ್ವಲ್ಪ ಕಮ್ಮಿ ಮಾಡವ್ವ ಅಂದರು. ಇವರು ಕಣ್ಣಲ್ಲಿ ನೀರು ತಂದುಕೊಂಡು ನಿಮ್ಮಿಬ್ಬರ ಕಾಲಿಗೂ ಬಿದ್ದರು. ನೀವು ಹಣ್ಣು-ತಾಂಬೂಲ ಕೊಟ್ಟಿರಿ. ಜೋಡಿ ಫೋಟೋ ತೆಗೆದು ಕನ್ನಡ ಬಳಗದ ವಾಟ್ಸಾಪಿಗೂ ಹಾಕಿದ್ದಾಯಿತು. ಎಷ್ಟೊಂದು ಜನ ಹರಸಿದರು.

ವಡಪಳನಿಯ ನಿಮ್ಮ ಮನೆಯಿಂದ ಕ್ಯಾಬಿನಲ್ಲಿ ಬಂದೆವು. ಬಾಗಿಲು ಹಾಕಿದ ಮೇಲೆ ಅದೇ ಫೋಟೋ ನನ್ನ ಮುಖಕ್ಕೆ ಹಿಡಿದು, ಇನ್ನು ಯಾರಿಗೆ ಬೇಕಾದ್ರೂ ಹೇಳ್ಕೋ, ಯಾರು ನಂಬ್ತಾರೆ ನೋಡೋಣ ಅಂದರು. ನಗುತ್ತಲೇ ಅಂದರು. ಆಮೇಲಿನದು ಬರೆಯುವುದಿಲ್ಲ. ಎಡಗಿವಿ ಈಗ ಸುಮಾರಾಗಿ ಕೇಳಿಸುತ್ತದೆ.

ಅವತ್ತಿನಿಂದ ನನ್ನ ಫೋನ್ ಇವರ ಹತ್ತಿರ. ಮದ್ದೂರಿನ ಅಮ್ಮನ ಜೊತೆ ಸ್ಪೀಕರ್ ಹಾಕಿಯೇ ಮಾತು. ಅಳಿಯಂದ್ರು ಎಷ್ಟು ಚೆನ್ನಾಗಿ ವಿಚಾರಿಸ್ಕೋತಾರೆ ಕಣೇ, ಪುಣ್ಯ ಮಾಡಿದ್ದೆ ನೀನು ಅಂತಾಳೆ ಅಮ್ಮ. ನಾನು ಹೂಂ ಅನ್ನುತ್ತೇನೆ. ಹಾಲು ತರಲು ಕೆಳಗಿಳಿಯಬಹುದು, ಆದರೆ ತೇಜಸ್ ಮನೆಯಲ್ಲೇ ಇರಬೇಕು. ಎರಡು ವರ್ಷದ ಕೂಸನ್ನು ಬಿಟ್ಟು ಇವಳೆಲ್ಲಿಗೆ ಹೋದಾಳು ಅಂತ ಇವರಿಗೆ ಗೊತ್ತು. ನನಗೆ ನಿದ್ದೆ ಅನ್ನುವುದೇ ಇಲ್ಲ. ಮಗುವಿನ ಎದೆ ಮೇಲೆ ಕೈಯಿಟ್ಟುಕೊಂಡೇ ಬೆಳಗು ಮಾಡುತ್ತೇನೆ.

ಅದಕ್ಕೇ ನೀವೊಂದು ಸುಳ್ಳು ಹೇಳಬೇಕು. ಮಂಗಳವಾರ ಹಬ್ಬದ ದಿನ ಬೆಳಿಗ್ಗೆ, ನಾವು ನಿಮ್ಮ ಮನೆಗೆ ಹೊರಡುವ ಮೊದಲು, ಇವರಿಗೇ ಫೋನ್ ಮಾಡಿ. ನಮ್ಮ ಕಡೆ ಬಾಗಿನ ಕೊಡುವಾಗ ತಾಯಿ ಸೆರಗು ಹಿಡಿದುಕೊಂಡು ಮಗು ಕೂತಿರಬೇಕು, ಇಲ್ಲದಿದ್ದರೆ ಬಾಗಿನ ಸಲ್ಲುವುದಿಲ್ಲ ಅನ್ನಿ. ಅಂಥ ಶಾಸ್ತ್ರ ಎಲ್ಲೂ ಇಲ್ಲ, ಗೊತ್ತು. ಗೌರಮ್ಮ ಕ್ಷಮಿಸುತ್ತಾಳೆ. ಹಿರಿಯ ಮುತ್ತೈದೆಯ ಮಾತಿಗೆ ಇವರು ಎದುರಾಡುವುದಿಲ್ಲ, ಬಳಗದಲ್ಲಿ ಒಳ್ಳೆ ಹುಡುಗ ಅನ್ನಿಸಿಕೊಳ್ಳಬೇಕಲ್ಲ. ಗಂಡಸರು ಊಟಕ್ಕೆ ಕೂತಾಗ ನಿಮ್ಮ ಹಿತ್ತಲ ಬಾಗಿಲಿನಿಂದ ನಾನೂ ಮಗುವೂ ಹೊರಡುತ್ತೇವೆ. ಅಷ್ಟರೊಳಗೆ ಮಹಿಳಾ ಸಹಾಯವಾಣಿಗೆ ನೀವೇ ಫೋನ್ ಮಾಡಿ, ಅವರನ್ನು ಬೀದಿ ತುದಿಗೆ ಕರೆಸಿಟ್ಟಿರಿ. ಈ ಸಲ ಮಾತ್ರ ಯಜಮಾನರ ಕಿವಿಗೆ ಹಾಕಬೇಡಿ, ನಿಮ್ಮ ದಮ್ಮಯ್ಯ. ಅವರು ತುಂಬ ಒಳ್ಳೆಯವರು. ಮತ್ತೆ ರಾಜಿ ಮಾಡಿಸಿಬಿಡುತ್ತಾರೆ.

ದನಿ ನಿಂತಿತು.

ನಿಮ್ಮ ಮಗಳಂಥವಳು,
ರಚನಾ

ತಾ.ಕ.: ಮಂಗಳವಾರದವರೆಗೆ ಕಾಯಬೇಡಿ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಅವನು ತೇಜಸ್‌ನನ್ನು ಬಾಲ್ಕನಿ ಕಂಬಿಯ ಮೇಲೆ ಕೂರಿಸಿ ಒಂದೇ ಕೈಯಲ್ಲಿ ಹಿಡಿದುಕೊಂಡಿದ್ದ. ನಮ್ಮದು ಒಂಬತ್ತನೇ ಮಹಡಿ. ಇನ್ನೊಂದ್ಸಲ ಹೇಳ್ತೀಯಾ ಯಾರಿಗಾದ್ರೂ ಅಂತ ಕೇಳಿದ. ಪಕ್ಕದ ಮನೆ ಮಕ್ಕಳಿಂದ ಕಲಿತ ತಮಿಳಿನಲ್ಲಿ ಮಗು ವೇಂಡಾ, ವೇಂಡಾ ಅಂತ ಕಿರುಚುತ್ತಿತ್ತು. ಬೇಡ ಅನ್ನಲು ಅದಕ್ಕೆ ಬರುವ ಮಾತು ಅದೊಂದೇ. ಈಗ ಅನು ಬಂದಿದ್ದಾಳೆ. ಅವನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ಅವಳ ಜೊತೆ ನಗುನಗುತ್ತಾ ಮಾತಾಡುತ್ತಿದ್ದಾನೆ. ಬಳೆ ಇಡುವುದು ಮರೆತೆ ಅಂತ ನಾನು ಒಳಗೆ ಬಂದಿದ್ದೇನೆ. ಯಜಮಾನರಿಗೆ ಹೇಳಿ. ಬಳಗಕ್ಕೆಲ್ಲ ಹೇಳಿ, ಪೊಲೀಸರಿಗೆ ಹೇಳಿ. ಇವತ್ತೇ ಬನ್ನಿ. ಒಬ್ಬರೇ ಬರಬೇಡಿ.