ನೆಗೆಟಿವ್‌ನಲ್ಲಿಲ್ಲದ ಗೆರೆ

ಜೂನ್ ೧೪

ಮಗಳೇ,

ಅದಕ್ಕೇ ಹೇಳಿದ್ದು, ಆ ಡಾಕ್ಟರಮ್ಮನ ಮಾತನ್ನು ಪೂರ್ತಿ ನಂಬಬೇಡ ಅಂತ. ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ವಾರ ಹಿಡಿಯಿತು. ಬೈಯಬೇಡ, ಬಸುರಿ ಸಿಟ್ಟಾಗಬಾರದು.

ನೀನು ಕಳೆದುಕೊಂಡ ಮೊದಲ ಮಗುವಿನ ಮಿದುಳು ಎರಡು ಪಾಲಾಗಿ ಬೆಳೆಯಲೇ ಇಲ್ಲ, ಮುಖವೂ ಕೂಡಿಬರಲಿಲ್ಲ. ಹೊಟ್ಟೆಯೊಳಗೆ ಇವೆರಡನ್ನೂ ರೂಪಿಸುವ ಒಂದು ಜೀನ್ ಎಡವಿದೆಯಂತೆ. ಇರಲಿ. ಅದು ಯಾರ ಕಡೆಯಿಂದ ಬಂತು? ನಾನೂ ಕಾಲೇಜಿನಲ್ಲಿ ಹೆರಿಡಿಟಿ ಓದಿದವನೇ. ಡಾಮಿನೆಂಟ್, ರಿಸೆಸಿವ್, ಮೂರನೆಯದೊಂದಿತ್ತು, ಮರೆತಿದ್ದೇನೆ. ಇಂಥ ಮನೆತನದಲ್ಲಿ ಕೆಲವರಿಗೆ ಮೇಲಿನ ಮುಂಹಲ್ಲು ಎರಡರ ಬದಲು ನಡುವೆ ಒಂದೇ ಇರುತ್ತದೆ ಎಂದು ನೀನೇ ಬರೆದಿದ್ದೀಯ. ನಿನ್ನ ಅತ್ತೆ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾರೆ, ಗಮನಿಸಿದ್ದೀಯಾ? ಸುಮ್ಮಸುಮ್ಮನೆ ಯಾರೂ ಹಾಗೆ ಮಾಡುವುದಿಲ್ಲ. ನಲವತ್ತು ವರ್ಷ ಸ್ಟುಡಿಯೋದಲ್ಲಿ ಮುಖ ತಿದ್ದಿದವನ ಕಣ್ಣು ಇದು.

ಇನ್ನು ನಿನ್ನ ಗಂಡ. ಮೊನ್ನೆ ಫೋನ್ ಮಾಡಿ, "ಮಾವ, ಡಾಕ್ಟರು ಇವಳ ಅಮ್ಮನ ಫೋಟೋ ನೋಡಿದ್ರು. ನಿಮ್ಮ ಕಡೆ ಏನೂ ಕಾಣ್ತಿಲ್ಲವಂತೆ. ಸದ್ಯಕ್ಕೆ ನನ್ನ ರಕ್ತ ಮಾತ್ರ ಪರೀಕ್ಷೆಗೆ ಹೋಗಿದೆ. ಆ ಫೋಟೋದ ನೆಗೆಟಿವ್ ಇದೆಯಾ?" ಅಂದ.

"ಫೋಟೋನೇ ಕೊಟ್ಟಿದ್ದೀನಲ್ಲಪ್ಪ, ನೆಗೆಟಿವ್ ಯಾಕೆ?"

"ಸುಮ್ನೆ, ಮಾವ. ಅವಳ ಕೋಣೆಗೆ ದೊಡ್ಡದು ಮಾಡಿಸೋಣ ಅಂತ."

ದೊಡ್ಡದು ಮಾಡಿಸುತ್ತಾನಂತೆ! ಇಷ್ಟು ವರ್ಷ ನನ್ನ ಕ್ಯಾಮೆರಾದತ್ತ ತಿರುಗಿಯೂ ನೋಡದವನು. ತನ್ನ ಮನೆಯದನ್ನು ನಮ್ಮ ತಲೆಗೆ ಕಟ್ಟುವ ಹುನ್ನಾರವಲ್ಲದೆ ಮತ್ತೇನು? ನೀರು ಬಿದ್ದು ಹಾಳಾಯಿತು ಎಂದುಬಿಟ್ಟೆ.

ಆಗಿನಿಂದ ಊಟ ಸೇರುತ್ತಿಲ್ಲ. ನೀನು ಅಮ್ಮನನ್ನು ಕಂಡದ್ದು ಆ ಒಂದು ಫೋಟೋದಲ್ಲಿ ಮಾತ್ರ.

ಕಿಟಕಿಯ ಬೆಳಕು ಇಳಿಯುತ್ತಿದೆ, ಸಾಲು ವಾರೆಯಾಗುತ್ತಿದೆ. ನೀನೂ ಒಳಗಿನ ಕೂಸೂ ತಣ್ಣಗಿರಿ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ. ನೆಗೆಟಿವ್ ಹಾಳಾಗಿಲ್ಲ, ಇದೇ ಲಕೋಟೆಯಲ್ಲಿದೆ. ನಿನ್ನ ಅಮ್ಮನಿಗೆ ಮುಂದೆ ಒಂದೇ ಹಲ್ಲು. ಮದುವೆಯಾದ ಹೊಸತರಲ್ಲಿ ಆ ಫೋಟೋದ ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಕಪ್ಪು ಗೆರೆ ಎಳೆದು ಎರಡು ಮಾಡಿದವನು ನಾನು. ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ನೋಡಿ, "ಇವಳ್ಯಾರು?" ಅಂದಳು. ಮತ್ತೆಂದೂ ನನ್ನ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಇಡತೊಡಗಿದಳು; ನಿನ್ನನ್ನು ಹೆತ್ತು ತೀರಿಹೋಗುವ ತನಕ ಆ ಕೈ ಇಳಿಸಲಿಲ್ಲ. ಕಾಗದ ಸಿಕ್ಕ ದಿನವೇ ಈ ನೆಗೆಟಿವ್ ಡಾಕ್ಟರಮ್ಮನಿಗೆ ತೋರಿಸಿ ನಿನ್ನ ರಕ್ತವನ್ನೂ ಕೊಡು. ಅದಕ್ಕೂ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡು. ಅಮ್ಮ ನಗುತ್ತಿದ್ದಾಳೆ.